ಸಣ್ಣ ಅಂಗಡಿಯ ಲೆಕ್ಕಪತ್ರವೂ ಕಾಲದ ಉಳಿತಾಯವೂ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ನನ್ನನ್ನು ಕೇಳಿಕೊಂಡಾಗ ಅವರ ಮನಸ್ಸಿನಲ್ಲಿದ್ದುದು ಕುಮಾರವ್ಯಾಸನ ಕರ್ಣನೋ ರನ್ನನ ದುರ್ಯೋಧನನೋ ಆಗಿದ್ದಿರಬೇಕು. ವಿದ್ವಾನ್ ಎಂಬ ಬಿರುದನ್ನು ಹೊತ್ತವನಿಂದ ಜನರು ಬೇರೇನನ್ನು ನಿರೀಕ್ಷಿಸಿಯಾರು? ನಾನೂ ಮೊದಲು ಅದೇ ದಾರಿಯಲ್ಲಿ ಸಿದ್ಧನಾಗತೊಡಗಿದ್ದೆ. ಆದರೆ ಕಳೆದ ವರ್ಷದ ಮಳೆಗಾಲದಿಂದೀಚೆಗೆ ನನ್ನ ಮನಸ್ಸನ್ನು ಬಿಡದೆ ಹಿಡಿದಿರುವ ಸಂಗತಿ ಬೇರೊಂದಿದೆ. ಅದು ಅಂಗಡಿಯ ಲೆಕ್ಕಪತ್ರದ ಸಂಗತಿ. ಈ ಸಭೆಯಲ್ಲಿ ಕುಳಿತವರಲ್ಲಿ ಅರ್ಧದಷ್ಟು ಮಂದಿಯಾದರೂ ಅಂಗಡಿ ಇಟ್ಟವರು, ಇಲ್ಲವೇ ಅಂಗಡಿ ಇಟ್ಟವರ ಮಕ್ಕಳು. ಆದುದರಿಂದ ಕರ್ಣನನ್ನು ಮುಂದಿನ ವರ್ಷಕ್ಕೆ ಕಾದಿರಿಸಿ ಇಂದು ಗಲ್ಲಾಪೆಟ್ಟಿಗೆಯ ಮಾತನ್ನಾಡುವುದಕ್ಕೆ ತಮ್ಮ ಅಪ್ಪಣೆಯನ್ನು ಬೇಡುತ್ತೇನೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಆಗ ಒಂಬತ್ತನೆಯ ತರಗತಿ, ಈಗ ಹತ್ತನೆಯದು. ಬುದ್ಧಿವಂತ, ಕೈಬರಹ ಮುತ್ತಿನಂತಹುದು. ಆದರೆ ದಿನವೂ ಮೊದಲನೆಯ ಗಂಟೆಯಲ್ಲಿ ತೂಕಡಿಸುತ್ತಿದ್ದ. ಒಂದು ವಾರ ಗದರಿಸಿದೆ, ಒಂದು ವಾರ ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿಗೆ ತಂದು ಕೂರಿಸಿದೆ. ಪ್ರಯೋಜನವಾಗಲಿಲ್ಲ. ಕೊನೆಗೆ ಅಧ್ಯಾಪಕನು ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ. ಅವನನ್ನು ಹತ್ತಿರ ಕರೆದು ಕಾರಣವನ್ನು ಕೇಳಿದೆ. “ಸರ್, ರಾತ್ರಿ ಅಂಗಡಿಯ ಬಿಲ್ಲು ಬರೆಯಲಿಕ್ಕುಂಟು” ಎಂದ. ಎಷ್ಟು ಹೊತ್ತಿನವರೆಗೆ ಎಂದು ಕೇಳಿದರೆ ತಲೆ ತಗ್ಗಿಸಿದ.

ಅವರದು ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯ ಬದಿಯಲ್ಲಿರುವ ಒಂದು ಜಿನಸಿನ ಅಂಗಡಿ. ಅಕ್ಕಿ, ಬೇಳೆ, ಎಣ್ಣೆ, ಸಾಬೂನು, ಶಾಲೆಯ ನೋಟುಪುಸ್ತಕ, ಮಳೆಗಾಲದಲ್ಲಿ ಕೊಡೆ, ಇಷ್ಟರ ವ್ಯಾಪಾರ. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋದೆ. ಹುಡುಗನ ತಂದೆ ನನ್ನನ್ನು ಕಂಡು ಗಾಬರಿಯಾದರು. ಅಧ್ಯಾಪಕನು ಮನೆಯ ಬಾಗಿಲಿಗೆ ಬಂದನೆಂದರೆ ಮಗನು ಏನೋ ಅಪರಾಧ ಮಾಡಿದ್ದಾನೆಂದೇ ಎಲ್ಲ ತಂದೆಯರ ಎಣಿಕೆ. “ಅಪರಾಧವೇನೂ ಇಲ್ಲ, ರಾತ್ರಿ ನಿಮ್ಮ ಅಂಗಡಿಯಲ್ಲಿ ಒಂದು ವಾರ ಕುಳಿತು ನೋಡಲು ಅನುಮತಿ ಕೊಡಿ” ಎಂದೆ. “ಇದೆಂಥದು ಮಾಷ್ಟ್ರೇ, ನೋಡುವಂಥದ್ದು ಏನುಂಟು?” ಎಂದು ನಕ್ಕರು, ಆದರೆ ಸ್ಟೂಲೊಂದನ್ನು ಒರೆಸಿ ಇಟ್ಟರು.

ಏಳು ರಾತ್ರಿ ಕುಳಿತೆ. ಒಂದು ರಾತ್ರಿಯೂ ಹನ್ನೊಂದರ ಮೊದಲು ಪುಸ್ತಕ ಮುಚ್ಚಲಿಲ್ಲ. ಒಂಬತ್ತಕ್ಕೆ ಬಾಗಿಲು ಹಾಕಿದ ಮೇಲೆ ತಂದೆ ಕಂಬಿಗೆ ಚುಚ್ಚಿದ ಚೀಟಿಗಳನ್ನು ಒಂದೊಂದಾಗಿ ತೆಗೆದು ಓದುವರು. ಮಗ ಅವನ್ನು ದಿನದ ಪುಸ್ತಕದಲ್ಲಿ ಬರೆಯುವನು. ಅದರಲ್ಲಿ ಕಡದ ಬಾಬ್ತುಗಳನ್ನು ಆರಿಸಿ (ಬಯಲುಸೀಮೆಯವರು ಉದ್ರಿ ಎನ್ನುವುದನ್ನೇ ನಮ್ಮೂರಿನಲ್ಲಿ ಕಡವೆನ್ನುತ್ತೇವೆ) ಇನ್ನೊಂದು ಪುಸ್ತಕಕ್ಕೆ ಏರಿಸುವನು. ತರುವಾಯ ಅದೇ ಮೊತ್ತಗಳನ್ನು ಮೊಬೈಲ್ ಫೋನಿಗೆ ಸೇರಿಸುವನು. ಕೊನೆಯಲ್ಲಿ, ಚೀಟಿಯೇ ಇಲ್ಲದೆ ಮಾರಿದ ಚಿಲ್ಲರೆ ಸಾಮಾನುಗಳಿಗೆ, ಬೆಂಕಿಪೆಟ್ಟಿಗೆಗೆ, ಐದು ರೂಪಾಯಿಯ ಬಿಸ್ಕತ್ತಿಗೆ, ಶ್ಯಾಂಪೂ ಪೊಟ್ಟಣಕ್ಕೆ, ತಂದೆಯ ನೆನಪಿನಿಂದ ಒಂದೊಂದು ಬಿಲ್ಲನ್ನು ಹುಟ್ಟಿಸುವನು! ಹೀಗೇಕೆಂದು ಕೇಳಿದರೆ, ಒಂದು ಕಡ್ಡಿ ಮಾರಿದರೂ ಬಿಲ್ಲು ಇರಬೇಕು, ಇಲ್ಲವಾದರೆ ದಂಡ ಬೀಳುತ್ತದೆಂದು ಯಾರೋ ಹೇಳಿದ್ದರಂತೆ. ಯಾರೆಂಬುದು ತಂದೆಗೂ ನೆನಪಿರಲಿಲ್ಲ.

ಮಹನೀಯರೇ, ಆ ಏಳು ರಾತ್ರಿಗಳಲ್ಲಿ ನನಗೆ ಸ್ಪಷ್ಟವಾದುದು ಇದು: ಆ ಅಂಗಡಿಯಲ್ಲಿ ಲೆಕ್ಕ ಹೆಚ್ಚಿರಲಿಲ್ಲ, ಬರವಣಿಗೆ ಹೆಚ್ಚಾಗಿತ್ತು. ಒಂದೇ ಮೊತ್ತವನ್ನು ನಾಲ್ಕು ಕಡೆ ಬರೆಯುತ್ತಿದ್ದರು. ಹಗಲಿನಲ್ಲಿ ಅರ್ಧ ನಿಮಿಷದಲ್ಲಿ ಮುಗಿಯುವುದನ್ನು ರಾತ್ರಿಗೆ ಉಳಿಸಿ, ನೆನಪನ್ನು ಕೆದಕಿ ಐದು ನಿಮಿಷ ಮಾಡುತ್ತಿದ್ದರು. ಇದಕ್ಕೆಲ್ಲ ಬೆಲೆ ತೆರುತ್ತಿದ್ದವನು ಹದಿನಾಲ್ಕು ವರ್ಷದ ಹುಡುಗ.

ನನಗೆ ಲೆಕ್ಕಪತ್ರದ ವಿದ್ಯೆಯಲ್ಲಿ ಯಾವ ಪದವಿಯೂ ಇಲ್ಲ. ಇರುವುದು ಅಜ್ಜನ ಕಿರ್ದಿಪುಸ್ತಕಗಳ ಒಂದು ಕಟ್ಟು ಮಾತ್ರ. ನನ್ನ ಅಜ್ಜ ಕುಂಬಳೆಯ ಸಮೀಪದಲ್ಲಿ ಒಂದು ಚಿಕ್ಕ ಅಂಗಡಿಯನ್ನು ಇಟ್ಟಿದ್ದವರು. ಮರದ ಪೆಟ್ಟಿಗೆಯಲ್ಲಿ ಗೆದ್ದಲಿಗೆ ತುತ್ತಾಗದೆ ಉಳಿದ ಕೆಲವು ಪುಸ್ತಕಗಳಲ್ಲಿ 1956-57ನೆಯ ಇಸವಿಯದೂ ಒಂದು. ಅದನ್ನು ತೆರೆದಾಗಲೆಲ್ಲ ನನಗೆ ಮೈ ಝುಮ್ಮೆನ್ನುತ್ತದೆ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಅಜ್ಜನ ಕಿರ್ದಿಯಲ್ಲಿ ಆ ದಿನ ಬೆಲ್ಲ, ಉಪ್ಪು, ಸೀಮೆಎಣ್ಣೆ ಎಂದಿನಂತೆಯೇ ಮಾರಾಟವಾಗಿವೆ. ಅದಾಗಿ ಐದು ತಿಂಗಳಿಗೆ, 1957ರ ಏಪ್ರಿಲ್ 1ರಂದು, ಆಣೆ ಪೈಗಳು ಹೋಗಿ ನಯೇ ಪೈಸೆ ಬಂತು. ಆ ದಿನ ಮಾತ್ರ ಕಿರ್ದಿ ಬದಲಾಗಿದೆ. ರೂಪಾಯಿ, ಆಣೆ, ಪೈ ಎಂಬ ಮೂರು ಅಂಕಣಗಳ ಬದಲಿಗೆ ಎರಡೇ ಅಂಕಣಗಳು. ಪಕ್ಕದಲ್ಲಿ ಒಂದು ಪಟ್ಟಿ, ಒಂದಾಣೆಗೆ ಆರು, ನಾಲ್ಕಾಣೆಗೆ ಇಪ್ಪತ್ತೈದು ಎಂದು. ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ ಎಂದು ಎರಡು ಬಗೆಯ ದಶಕ ಹಿಡಿದು ಕೂಡಬೇಕಾಗಿದ್ದ ಲೆಕ್ಕ, ಆ ಒಂದು ದಿನದಿಂದ ನೂರರ ಲೆಕ್ಕವಾಯಿತು. ರಾಜ್ಯದ ಬದಲಾವಣೆಯಿಂದ ಅಜ್ಜನಿಗಾದ ದುಃಖವನ್ನು ನಾನು ಕೇಳಿ ಬಲ್ಲೆ. ನಾಣ್ಯದ ಬದಲಾವಣೆಯಿಂದ ದಿನಕ್ಕೆ ಅರ್ಧ ಗಂಟೆ ಉಳಿಯಿತೆಂದು ಅವರು ಹೇಳುತ್ತಿದ್ದುದನ್ನೂ ನನ್ನ ತಂದೆಯ ಬಾಯಿಂದ ಕೇಳಿದ್ದೇನೆ.

ಆ ಕಿರ್ದಿಯ ಕ್ರಮವನ್ನು ಗಮನಿಸಬೇಕು. ಬಂದುದನ್ನು ಬಂದ ಕ್ಷಣದಲ್ಲಿ, ಹೋದುದನ್ನು ಹೋದ ಕ್ಷಣದಲ್ಲಿ, ಒಂದೇ ಸಲ, ಒಂದರ ಕೆಳಗೊಂದು ಬರೆಯುವುದು. ದೀಪ ಹಚ್ಚುವ ಹೊತ್ತಿಗೆ ಗಲ್ಲಾಪೆಟ್ಟಿಗೆ ಎಣಿಸಿ ಶಿಲ್ಕು ಬರೆದು ಗೆರೆ ಎಳೆಯುವುದು. ಗೆರೆಯ ಕೆಳಗೆ ಆ ದಿನದ ಮತ್ತೊಂದು ಅಕ್ಷರವಿಲ್ಲ. ಅದಕ್ಕೂ ಹಿಂದಿನವರು ಕಡತದಲ್ಲಿ ಬರೆಯುತ್ತಿದ್ದರು. ಕಡತವೆಂದರೆ ಇಂದು ಸರಕಾರಿ ಕಛೇರಿಯಲ್ಲಿ ಧೂಳು ತಿನ್ನುವ ಕಾಗದದ ಕಟ್ಟೆಂದು ನಾವು ತಿಳಿದಿದ್ದೇವೆ. ಮೊದಲಿಗೆ ಅದು ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ ಮಾಡಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ವರ್ತಕರೂ ಮಠಗಳವರೂ ಅದನ್ನು ಬಳಸುತ್ತಿದ್ದರು. ಲೆಕ್ಕದ ವಿದ್ಯೆ ಕನ್ನಡಕ್ಕೆ ಹೊಸತಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ ಎಂಬ ಗ್ರಂಥವನ್ನೇ ಕನ್ನಡದಲ್ಲಿ ರಚಿಸಿದನು. ಎಂಟುನೂರು ವರ್ಷಗಳಿಗೆ ಹಿಂದೆಯೇ ವ್ಯಾಪಾರದ ಲೆಕ್ಕವನ್ನು ಕನ್ನಡದಲ್ಲಿ ಕಲಿಸಬಹುದಾಗಿತ್ತು ಎಂದ ಮೇಲೆ, ಇಂದು ನಮ್ಮ ಅಂಗಡಿಯ ಲೆಕ್ಕ ಕನ್ನಡದಲ್ಲಿ ನಡೆಯದು ಎನ್ನುವವರ ಮಾತಿಗೆ ನಾನು ಕಿವಿಗೊಡಲಾರೆ.

ಹಾಗೆಂದು ಹಿಂದಿನದೆಲ್ಲ ಚಿನ್ನವೆಂಬ ಭ್ರಮೆಯೂ ನನಗಿಲ್ಲ. ಅಜ್ಜನೂ ಕಿರ್ದಿಯಿಂದ ಖಾತೆಪುಸ್ತಕಕ್ಕೆ, ಖಾತೆಯಿಂದ ವರ್ಷಾಂತ್ಯದ ಪಟ್ಟಿಗೆ ನಕಲು ಮಾಡುತ್ತ ದೀಪಾವಳಿಯ ಅಂಗಡಿಪೂಜೆಗೆ ಮುಂಚೆ ನಾಲ್ಕಾರು ರಾತ್ರಿ ನಿದ್ದೆಗೆಟ್ಟವರೇ. ಅವರಿಂದ ನಾನು ತೆಗೆದುಕೊಂಡುದು ಒಂದೇ ನಿಯಮವನ್ನು: ಆದಾಗಲೇ ಬರೆ, ಒಂದೇ ಸಲ ಬರೆ.

ಈಗ ಆ ಅಂಗಡಿಯಲ್ಲಿ ಏನನ್ನು ಬದಲಿಸಿದೆವೆಂಬುದನ್ನು ಹೇಳುತ್ತೇನೆ. ಮೊದಲು ಬಿಟ್ಟುದು ಆ ಚಿಲ್ಲರೆ ಬಿಲ್ಲುಗಳನ್ನು. ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ, 2017ರ ಜುಲೈ 1ರಂದು ಜಾರಿಗೆ ಬಂತಷ್ಟೆ. ಆ ಕಾಯಿದೆಯ 31ನೆಯ ಕಲಮಿನಲ್ಲಿಯೇ ಒಂದು ವಿನಾಯಿತಿ ಇದೆ. ಕೊಳ್ಳುವವನು ನೋಂದಣಿಯಿಲ್ಲದ ಸಾಮಾನ್ಯ ಗಿರಾಕಿಯಾಗಿದ್ದು, ಸಾಮಾನಿನ ಬೆಲೆ 200 ರೂಪಾಯಿಗಿಂತ ಕಡಿಮೆಯಾಗಿದ್ದು, ಅವನು ಬಿಲ್ಲನ್ನು ಕೇಳದಿದ್ದರೆ, ಪ್ರತ್ಯೇಕ ಬಿಲ್ಲು ಕೊಡಬೇಕಾಗಿಲ್ಲ. ಅಂತಹ ಎಲ್ಲ ಮಾರಾಟಗಳಿಗೂ ಸೇರಿಸಿ ದಿನದ ಕೊನೆಗೆ ಒಂದೇ ಒಟ್ಟು ಬಿಲ್ಲು ಸಾಕು. ಇದನ್ನು ತೆರಿಗೆ ಸಲಹೆಗಾರರೊಬ್ಬರ ಬಳಿ ಕೇಳಿ ಖಚಿತಮಾಡಿಕೊಂಡು ಬಂದು ಹೇಳಿದಾಗ ಆ ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಎಷ್ಟೋ ವರ್ಷಗಳ ರಾತ್ರಿಗಳು ಅವರ ಕಣ್ಣ ಮುಂದೆ ಸುಳಿದಿರಬೇಕು.

ಎರಡನೆಯದು ಕಡದ ಲೆಕ್ಕ. “ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ” ಎಂಬ ಗಾದೆ ಹುಟ್ಟಿದುದು ಯಾವುದೋ ಅಂಗಡಿಯ ಜಗಲಿಯಲ್ಲಿಯೇ ಇದ್ದೀತು. ಆದರೆ ಹಳ್ಳಿಯ ಅಂಗಡಿಯಲ್ಲಿ ಕಡವನ್ನು ನಿಲ್ಲಿಸೆಂದು ಉಪದೇಶಿಸುವುದು ಸುಲಭ. ವಾರದ ಕೊನೆಗೆ ಕೂಲಿ ಕೈಸೇರುವ ಮನೆಯವರು ಬುಧವಾರ ಅಕ್ಕಿಗೆ ಬಂದಾಗ ಇಲ್ಲವೆನ್ನುವುದು ಸಾಧ್ಯವಿಲ್ಲ. ನಾವು ಕಡವನ್ನು ನಿಲ್ಲಿಸಲಿಲ್ಲ. ಅದರ ನಕಲುಗಳನ್ನು ನಿಲ್ಲಿಸಿದೆವು. ಪೇಟೆಯಿಂದ ಕಾರ್ಬನ್ ಕಾಗದವಿರುವ ಒಂದು ಚೀಟಿಪುಸ್ತಕವನ್ನು ತಂದೆವು. ಸಾಮಾನು ಕೊಡುವಾಗಲೇ ಅದರಲ್ಲಿ ಬರೆದರೆ ಮೇಲಿನ ಹಾಳೆ ಗಿರಾಕಿಗೆ, ಕೆಳಗಿನ ಹಾಳೆ ಪುಸ್ತಕದಲ್ಲಿಯೇ. ಕಡದ ಪುಸ್ತಕದಲ್ಲಿ ಪ್ರತಿಯೊಂದು ಮನೆಗೂ ಒಂದು ಪುಟ. ಅಲ್ಲಿ ತಾರೀಕು, ಚೀಟಿಯ ನಂಬರು, ಮೊತ್ತ, ಇಷ್ಟನ್ನು ಗಿರಾಕಿಯ ಎದುರಿನಲ್ಲಿಯೇ ಬರೆಯುವುದು. ಸಕ್ಕರೆ ಎಷ್ಟು, ತೊಗರಿಬೇಳೆ ಎಷ್ಟೆಂಬ ವಿವರ ಚೀಟಿಯಲ್ಲಿದೆ. ಅದನ್ನು ಮತ್ತೆ ಬರೆಯುವ ಅಗತ್ಯವಿಲ್ಲ. ತಿಂಗಳ ಕೊನೆಯ ಜಗಳಗಳೂ ಇದರಿಂದ ಕಡಿಮೆಯಾದುವು. “ನಾನು ಅಷ್ಟು ಕೊಂಡುಹೋಗಲಿಲ್ಲ” ಎನ್ನುವವನ ಮನೆಯಲ್ಲಿಯೇ ಚೀಟಿ ಇರುತ್ತದಲ್ಲವೇ?

ಮೂರನೆಯದು ಗಲ್ಲಾಪೆಟ್ಟಿಗೆ. ಬೆಳಗ್ಗೆ ಪೆಟ್ಟಿಗೆಯಲ್ಲಿ ಇಡುವ ಚಿಲ್ಲರೆ ದಿನವೂ ಒಂದೇ ಮೊತ್ತದ್ದಾಗಿರಬೇಕೆಂದು ಮಾಡಿದೆವು: 1,000 ರೂಪಾಯಿ, ಹೆಚ್ಚಿಲ್ಲ, ಕಡಿಮೆಯಿಲ್ಲ. ಪೆಟ್ಟಿಗೆಯಿಂದ ಹಣ ತೆಗೆದು ಹಾಲಿನವನಿಗೋ ಬ್ರೆಡ್ಡಿನವನಿಗೋ ಕೊಟ್ಟರೆ ಆ ಕ್ಷಣದಲ್ಲಿಯೇ ಒಂದು ತುಂಡು ಕಾಗದದಲ್ಲಿ ಬರೆದು ಪೆಟ್ಟಿಗೆಯೊಳಗೆ ಹಾಕುವುದು. ಕಡ ತೀರಿಸಲು ಬಂದ ಹಣಕ್ಕೂ ಹಾಗೆಯೇ ಒಂದು ತುಂಡು. ರಾತ್ರಿ ಮಾಡಬೇಕಾದುದು ಒಂದು ಸಣ್ಣ ಲೆಕ್ಕ. ಮಾದರಿಗಾಗಿ ಒಂದು ದಿನದ್ದನ್ನು ಹೇಳುತ್ತೇನೆ. ಪೆಟ್ಟಿಗೆಯಲ್ಲಿ ಎಣಿಸಿದ ಹಣ 9,350. ಅದಕ್ಕೆ ಪೆಟ್ಟಿಗೆಯಿಂದ ಹೊರಗೆ ಕೊಟ್ಟ 1,850ನ್ನು ಕೂಡಿಸಿದರೆ 11,200. ಅದರಿಂದ ಬೆಳಗಿನ 1,000ವನ್ನೂ ಹಳೆಯ ಕಡ ಬಂದ 700ನ್ನೂ ಕಳೆದರೆ 9,500. ಇದು ಆ ದಿನದ ನಗದು ಮಾರಾಟ. ಫೋನಿನ ಮೂಲಕ, ಅಂದರೆ ಯುಪಿಐ ದಾರಿಯಲ್ಲಿ, ಬಂದ ಮಾರಾಟದ ಹಣ 4,200. ಅದರ ಒಟ್ಟನ್ನು ಫೋನೇ ತೋರಿಸುತ್ತದೆ. ಆ ದಾರಿಯಲ್ಲಿಯೂ ಹಳೆಯ ಕಡ ಬಂದಿದ್ದರೆ ಅದನ್ನು ಬಿಡಬೇಕು. ಚೀಟಿಪುಸ್ತಕದ ಪ್ರಕಾರ ಹೊಸ ಕಡ 1,300. ಮೂರನ್ನೂ ಕೂಡಿದರೆ ಆ ದಿನದ ಮಾರಾಟ 15,000. ಪುಸ್ತಕದಲ್ಲಿ ಒಂದು ಸಾಲು. ಒಟ್ಟು ಬಿಲ್ಲೊಂದು. ಮುಗಿಯಿತು.

ಫೋನಿನಲ್ಲಿಯೇ ಎಲ್ಲ ಲೆಕ್ಕವನ್ನೂ ಇಡಬಹುದಲ್ಲ, ಈ ಪುಸ್ತಕವೇಕೆ ಎಂದು ತರುಣರು ಕೇಳುವರು. ಇಡಬಹುದು, ಇಟ್ಟರೆ ಪುಸ್ತಕವನ್ನು ಬಿಡಬೇಕು. ಎರಡನ್ನೂ ಇಟ್ಟುಕೊಂಡು ಎರಡಕ್ಕೂ ಬರೆಯುವವನು ಯಂತ್ರವನ್ನು ಕೊಂಡು ಅದಕ್ಕೆ ಆಳಾದ ಹಾಗೆ. ಆ ಅಂಗಡಿಯ ತಂದೆಗೆ ಪುಸ್ತಕದಲ್ಲಿಯೇ ವಿಶ್ವಾಸ; ಆದುದರಿಂದ ಫೋನಿಗೆ ಏರಿಸುವುದನ್ನು ನಿಲ್ಲಿಸಿದೆವು. ತರುಣ ವ್ಯಾಪಾರಿಯಾಗಿದ್ದರೆ ಪುಸ್ತಕವನ್ನು ನಿಲ್ಲಿಸುತ್ತಿದ್ದೆವು.

ಇನ್ನು ತೆರಿಗೆಯ ವಿಷಯ. ಇದರಲ್ಲಿ ಒಂದು ಅಂಗಡಿಗೆ ಹೊಂದಿದುದು ಇನ್ನೊಂದಕ್ಕೆ ಹೊಂದದು. ಆದುದರಿಂದ ನನ್ನ ಮಾತನ್ನು ಕೇಳಿ ನಾಳೆಯೇ ಯಾರೂ ಏನನ್ನೂ ಬದಲಿಸದೆ, ಲೆಕ್ಕಿಗರನ್ನು ಕೇಳಿಯೇ ಮುಂದುವರಿಯಬೇಕು. ಸರಕನ್ನು ಮಾತ್ರ, ಅದೂ ರಾಜ್ಯದೊಳಗೆ ಮಾತ್ರ ಮಾರುವ ಅಂಗಡಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಸಾಮಾನ್ಯವಾಗಿ ನೋಂದಣಿಯೇ ಬೇಕಾಗಿಲ್ಲ. ದಿನಕ್ಕೆ ಸುಮಾರು 11,000 ರೂಪಾಯಿಯ ವ್ಯಾಪಾರವೆಂದು ಇಟ್ಟುಕೊಳ್ಳಿ. ನಮ್ಮ ಹುಡುಗನ ಅಂಗಡಿಯದು ಅದಕ್ಕೆ ಮೇಲೆ. ಆದರೆ ಒಂದೂವರೆ ಕೋಟಿಗೆ ಒಳಗಿನವರಿಗೆ ಕಾಂಪೊಸಿಷನ್ ಎಂಬ, ಕನ್ನಡದಲ್ಲಿ ರಾಜಿ ತೆರಿಗೆಯೆಂದು ಕರೆಯುವ, ಒಂದು ಸುಲಭ ಪದ್ಧತಿ ಇದೆ. ವ್ಯಾಪಾರಿಯು ತೆರಿಗೆಯುಳ್ಳ ಸರಕಿನ ಮಾರಾಟದ ಮೇಲೆ ನೂರಕ್ಕೆ ಒಂದರಂತೆ ಮೂರು ತಿಂಗಳಿಗೊಮ್ಮೆ ಕಟ್ಟಿದರೆ ಸಾಕು, ವರ್ಷಕ್ಕೊಂದು ವಿವರಪತ್ರ. ಸರಕಿನ ಬಗೆಗೊಂದು ದರವನ್ನು ಹಿಡಿದು ಮಾರಾಟವನ್ನೆಲ್ಲ ವಿಂಗಡಿಸುವ ಶ್ರಮ ತಪ್ಪುತ್ತದೆ. 2025ರ ಸೆಪ್ಟೆಂಬರ್ 22ರಂದು ದರಗಳು ಬದಲಾದಾಗ ಆ ವಿಂಗಡಣೆಯನ್ನು ಮಾಡುತ್ತಿದ್ದವರು ಪಟ್ಟ ಪಾಡು ಅಂಗಡಿಯವರಿಗೆ ಮರೆತಿರಲಾರದು.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಆ ಒಂದು ರೂಪಾಯಿಯನ್ನು ಗಿರಾಕಿಯಿಂದ ವಸೂಲು ಮಾಡುವಂತಿಲ್ಲ, ಕೈಯಿಂದಲೇ ಕಟ್ಟಬೇಕು. ಕೊಂಡ ಸರಕಿನ ಮೇಲೆ ಕೊಟ್ಟ ತೆರಿಗೆಗೆ ಜಮೆ ಸಿಗದು. ಪದ್ಧತಿಯನ್ನು ಬದಲಿಸುವ ದಿನ ಅಂಗಡಿಯಲ್ಲಿ ಉಳಿದಿರುವ ಸರಕಿಗೆ ಮೊದಲು ಪಡೆದ ಜಮೆಯನ್ನೂ ಹಿಂದಿರುಗಿಸಬೇಕು. ಮತ್ತು ನಮ್ಮಂತಹ ಗಡಿಯವರು ನೆನಪಿಡಬೇಕಾದ ಮಾತೊಂದು: ಈ ಪದ್ಧತಿಯವರು ಹೊರರಾಜ್ಯದಿಂದ ಸರಕನ್ನು ಕೊಳ್ಳಬಹುದು, ಹೊರರಾಜ್ಯಕ್ಕೆ ಮಾರಬಾರದು. ಮಂಗಳೂರಿನ ಬಂದರಿನ ಸಗಟು ಅಂಗಡಿಗಳಿಂದ ಅಕ್ಕಿ ಬೇಳೆ ತರುವುದಕ್ಕೆ ಅಡ್ಡಿಯಿಲ್ಲ. ಇಲ್ಲಿಂದ ಗಾಡಿಯಲ್ಲಿ ತುಂಬಿ ಅಡ್ಯನಡ್ಕದ ಅಂಗಡಿಗೋ ವಿಟ್ಲದ ಅಂಗಡಿಗೋ ಕಳುಹಿಸುವವರಿಗೆ ಈ ದಾರಿ ಮುಚ್ಚಿದೆ. ಗಡಿಯೆಂಬುದು ನಕ್ಷೆಯಲ್ಲಿ ಮಾತ್ರವಲ್ಲ, ಬಿಲ್ಲಿನಲ್ಲಿಯೂ ಇದೆ! ಹುಡುಗನ ತಂದೆಯ ಗಿರಾಕಿಗಳೆಲ್ಲ ಸುತ್ತಮುತ್ತಲಿನ ಮನೆಗಳವರೇ. ಲೆಕ್ಕಿಗರು ಎಲ್ಲವನ್ನೂ ತೂಗಿ ನೋಡಿ ಸರಿಯೆಂದರು. ಮಾರ್ಚ್ 31ರ ಒಳಗೆ ಅರ್ಜಿ ಹಾಕಿಸಿ ಏಪ್ರಿಲಿನಿಂದ ಬದಲಿಸಿದರು.

ಇಷ್ಟರವರೆಗಿನದು ಯಾವ ಊರಿನ ಅಂಗಡಿಗಾದರೂ ಸಲ್ಲುವ ಮಾತು. ಇನ್ನು ಮುಂದಿನದು ನಮ್ಮದೇ. ಆ ಅಂಗಡಿಯಲ್ಲಿ ಪಂಚಾಂಗದ ಹಿಂದೆ, ಎಣ್ಣೆಡಬ್ಬದ ಕೆಳಗೆ, ದೇವರ ಪಟದ ಸಂದಿಯಲ್ಲಿ ಹಲವು ಕಾಗದಗಳು ಸಿಕ್ಕಿದುವು. ಪರವಾನಗಿಯದು, ಆಹಾರಪದಾರ್ಥಗಳ ನೋಂದಣಿಯದು, ತಕ್ಕಡಿಗೆ ಮುದ್ರೆ ಹಾಕಿಸಬೇಕೆಂಬುದು. ಕೆಲವು ಮಲೆಯಾಳದಲ್ಲಿ, ಕೆಲವು ಇಂಗ್ಲಿಷಿನಲ್ಲಿ. ತಂದೆಗೆ ಮಲೆಯಾಳ ಮಾತನಾಡಲು ಚೆನ್ನಾಗಿ ಬರುತ್ತದೆ, ಓದಲು ಬಾರದು. ಆದುದರಿಂದ ಮನೆಗೆ ಬಂದ ಪ್ರತಿಯೊಂದು ಕಾಗದವೂ ಮಗನು ಶಾಲೆಯಿಂದ ಬರುವವರೆಗೆ ಕಾಯುವುದು. ಅವನೋ ಶಾಲೆಯಲ್ಲಿ ಕಲಿತಷ್ಟು ಮಲೆಯಾಳದಿಂದ ಅಕ್ಷರ ಕೂಡಿಸಿ ಓದುವನು. ಆಡಳಿತದ ಆ ಭಾಷೆ ಅವನಿಗೆ ಅರ್ಥವಾಗುವುದೆಂತು? ಅರ್ಥವಾಗದುದನ್ನು “ನಾಳೆ ನೋಡುವ” ಎಂದು ಪಂಚಾಂಗದ ಹಿಂದೆ ಸಿಕ್ಕಿಸುವುದು. ತಕ್ಕಡಿಯ ಮುದ್ರೆಯ ಅವಧಿ ಹಾಗೆಯೇ ಮೀರಿತ್ತು. ಒಂದು ದಂಡವನ್ನೂ ಕಟ್ಟಿದ್ದರು. ದಂಡದ ಹಣಕ್ಕಿಂತಲೂ ನನ್ನನ್ನು ನೋಯಿಸಿದುದು ಹುಡುಗನ ಮಾತು: “ಸರ್, ಅದು ನಾನು ಓದಲಿಕ್ಕೆ ತಪ್ಪಿದ್ದು.” ಒಂದು ಮನೆಯ ಕಛೇರಿಯ ಭಾರವನ್ನೆಲ್ಲ ಹೊತ್ತು, ತಪ್ಪಿನ ಹೊಣೆಯನ್ನೂ ತಾನೇ ಹೊತ್ತುಕೊಂಡಿದ್ದ.

ನಮ್ಮ ಎಷ್ಟು ಮನೆಗಳಲ್ಲಿ ಹೀಗೆಯೇ ಮಕ್ಕಳು ಗುಮಾಸ್ತರಾಗಿದ್ದಾರೆ ಎಂಬುದನ್ನು ಅಧ್ಯಾಪಕರು ಬಲ್ಲರು. ಮಲೆಯಾಳವನ್ನು ಕಲಿಯುವುದು ಬೇಡವೆಂದು ನಾನು ಹೇಳುತ್ತಿಲ್ಲ. ನೆರೆಯವನ ಭಾಷೆ, ಕಲಿತಷ್ಟೂ ಲಾಭವೇ, ನಾನೂ ಓದಬಲ್ಲೆ. ಆದರೆ ಕಲಿಯುವ ಮಗು ಬೇರೆ, ಕಲಿತ ಎರಡಕ್ಷರಕ್ಕಾಗಿ ಇಡೀ ಮನೆಯ ವ್ಯವಹಾರಕ್ಕೆ ಹೊಣೆಯಾಗುವ ಮಗು ಬೇರೆ.

ಇಲ್ಲಿ ನಮಗಿರುವ ಹಕ್ಕನ್ನೂ ನಾವು ಮರೆಯಬಾರದು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಕಛೇರಿಗಳೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಕೇರಳದ ಆಡಳಿತ ಭಾಷೆಯ ಕಾಯಿದೆಯಲ್ಲಿ ಬರೆದರು. ಇದಕ್ಕೂ ಮೇಲೆ ಸಂವಿಧಾನದ 350ನೆಯ ಅನುಚ್ಛೇದವಿದೆ. ತನ್ನ ಅಹವಾಲನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಸಲ್ಲಿಸುವ ಹಕ್ಕನ್ನು ಅದು ಪ್ರತಿಯೊಬ್ಬನಿಗೂ ಕೊಟ್ಟಿದೆ. ತಂದೆಯ ಕೈಯಿಂದಲೇ ಕನ್ನಡದಲ್ಲಿ ಒಂದು ಪತ್ರ ಬರೆಯಿಸಿದೆ: ತಕ್ಕಡಿಯ ಮುದ್ರೆಯ ವಿಷಯವನ್ನು ಕನ್ನಡದಲ್ಲಿ ತಿಳಿಸಬೇಕೆಂದು. ಉತ್ತರ ಬರಲು ತಡವಾಯಿತು. ಆದರೆ ಕನ್ನಡ ಬಲ್ಲ ನೌಕರರೊಬ್ಬರು ಫೋನು ಮಾಡಿ ಎಲ್ಲವನ್ನೂ ವಿವರಿಸಿದರು. ಕೇಳದಿದ್ದರೆ ಅದೂ ಬರುತ್ತಿರಲಿಲ್ಲ.

ಕಾಗದಗಳಿಗಾಗಿ ಒಂದು ಹಳೆಯ ಬಿಸ್ಕತ್ತಿನ ಡಬ್ಬವನ್ನು ಗೊತ್ತುಮಾಡಿದೆವು. ಕಾಗದ ಬಂದ ದಿನವೇ ಯಾರಿಂದಲಾದರೂ ಓದಿಸಿ ಅದರ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಕನ್ನಡದಲ್ಲಿ ಒಂದು ಸಾಲು: ಯಾತಕ್ಕೆ, ಯಾವ ತಾರೀಕಿನ ಒಳಗೆ, ಎಲ್ಲಿಗೆ. ಡಬ್ಬದ ಮುಚ್ಚಳದ ಒಳಗೆ ವರ್ಷದ ತಾರೀಕುಗಳ ಪಟ್ಟಿಯನ್ನು ಅಂಟಿಸಿದೆವು. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ತಿಂಗಳ 18, ರಾಜಿ ತೆರಿಗೆಗೆ; ಜೂನ್ 30, ವರ್ಷದ ವಿವರಪತ್ರಕ್ಕೆ; ವಿದ್ಯುತ್ ತಕ್ಕಡಿಗೆ ಹನ್ನೆರಡು ತಿಂಗಳಿಗೊಮ್ಮೆ, ಕಬ್ಬಿಣದ ತೂಕದ ಕಲ್ಲುಗಳಿಗೆ ಇಪ್ಪತ್ತನಾಲ್ಕು ತಿಂಗಳಿಗೊಮ್ಮೆ ಮುದ್ರೆ. ಅದೇನೂ ದೊಡ್ಡ ಪಟ್ಟಿಯಲ್ಲ. ಹಸ್ತದಷ್ಟು ಕಾಗದದಲ್ಲಿ ಹಿಡಿಯಿತು. ಹಸ್ತದಷ್ಟು ಕಾಗದದಲ್ಲಿ ಹಿಡಿಯುವುದನ್ನು ಆ ಮನೆ ವರ್ಷವಿಡೀ ತಲೆಯಲ್ಲಿ ಹೊತ್ತು ತಿರುಗುತ್ತಿತ್ತು.

ಇಷ್ಟೆಲ್ಲ ಆದ ಮೇಲೂ ರಾತ್ರಿಯ ಆ ಒಂದು ಸಾಲನ್ನು ಬರೆಯುವವರು ಯಾರೆಂಬ ಪ್ರಶ್ನೆ ಉಳಿಯಿತು. ತಂದೆ ಹೇಳಿದರು: “ಮಗನೇ ಬರೆಯಲಿ ಮಾಷ್ಟ್ರೇ, ನಾಳೆ ಅಂಗಡಿಯನ್ನು ನಡೆಸಬೇಕಾದವನಲ್ಲವೇ? ಕೆಲಸ ಕಲಿಯುವುದು ಬೇಡವೇ?” ನ್ಯಾಯವಾದ ಮಾತು, ನನಗೆ ಒಡನೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಚಹಾ ತಂದಿಟ್ಟ ಆ ತಾಯಿ ಬಾಗಿಲ ಬಳಿಯೇ ನಿಂತು, “ಯಾವ ಮನೆಯವರ ಕಡ ಎಷ್ಟೆಂದು ಪುಸ್ತಕ ನೋಡದೆ ನಾನು ಹೇಳುತ್ತೇನೆ. ನಾನೂ ಏಳನೆಯ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವಳು. ನನ್ನನ್ನು ಇಷ್ಟು ದಿನ ಯಾರೂ ಕೇಳಲಿಲ್ಲ” ಎಂದರು. ನಾನು ಪರೀಕ್ಷಿಸಿದೆ, ಅಧ್ಯಾಪಕನ ದುರಭ್ಯಾಸ. ಐದು ಮನೆಗಳನ್ನು ಹೆಸರಿಸಿದೆ. ಐದಕ್ಕೂ ಪುಸ್ತಕದ ಮೊತ್ತವೇ ಬಂತು. ಒಂದರಲ್ಲಿ ಪುಸ್ತಕವೇ ತಪ್ಪಿತ್ತು. ಅಂದಿನಿಂದ ಲೆಕ್ಕ ಆಕೆಯ ಕೈಯಲ್ಲಿದೆ. ಒಂಬತ್ತಕ್ಕೆ ಬಾಗಿಲು ಹಾಕಿದರೆ ಒಂಬತ್ತೂವರೆಗೆ ಊಟಕ್ಕೆ ಏಳುತ್ತಾರೆ. ಮಗನು ಭಾನುವಾರ ಒಂದು ಗಂಟೆ ತಾಯಿಯ ಪಕ್ಕದಲ್ಲಿ ಕುಳಿತು ಕಲಿಯುತ್ತಾನೆ. ತಂದೆಯ ಮಾತೂ ಉಳಿಯಿತು.

ಈ ಸಂಘದ ಮುಂದೆ ನನ್ನ ಬಿನ್ನಹವೊಂದಿದೆ. ನಮ್ಮ ವಾಚನಾಲಯದ ಮೇಜು ಭಾನುವಾರ ಮಧ್ಯಾಹ್ನ ಬರಿದಾಗಿಯೇ ಇರುತ್ತದೆ. ತಿಂಗಳಿಗೆ ಒಂದು ಭಾನುವಾರ ಎರಡು ಗಂಟೆಯ ಹೊತ್ತು, ಮಲೆಯಾಳ ಮತ್ತು ಇಂಗ್ಲಿಷನ್ನು ಓದಬಲ್ಲ ಇಬ್ಬರು ಅಲ್ಲಿ ಕುಳಿತರೆ, ಅಂಗಡಿಯವರು ತಮ್ಮ ಡಬ್ಬವನ್ನು ತಂದು ಕಾಗದಗಳನ್ನು ಓದಿಸಿಕೊಂಡು ತಲೆಯ ಮೇಲೆ ಕನ್ನಡದ ಒಂದು ಸಾಲನ್ನು ಬರೆಸಿಕೊಂಡು ಹೋಗಬಹುದು. ಒಂದು ಕುರ್ಚಿಯಲ್ಲಿ ನಾನೇ ಕೂರುತ್ತೇನೆ. ನಿವೃತ್ತರಾದ ನೌಕರರು ಈ ಸಭೆಯಲ್ಲಿ ಹಲವರಿದ್ದಾರೆ. ಎರಡನೆಯ ಕುರ್ಚಿಗೆ ಹೆಸರು ಕೊಡುವವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಬಹುದು. ಕಾಣದೆ ಹೋದರೆ ಮನೆಗೆ ಬಂದು ಕೇಳುವೆನು. ಅಧ್ಯಾಪಕನು ಬಾಗಿಲಿಗೆ ಬಂದರೆ ಏನರ್ಥವೆಂಬುದು ತಮಗೆ ಗೊತ್ತಿದೆ.

ಆ ಹುಡುಗನ ವಿಷಯ ಏನಾಯಿತೆಂದು ಕೇಳುವಿರಿ. ಕೆಲವು ತಿಂಗಳು ತರಗತಿಯಲ್ಲಿ ಕಣ್ಣು ತೆರೆದೇ ಇದ್ದ. ಮೊನ್ನೆ ಸೋಮವಾರ ಮತ್ತೆ ತೂಕಡಿಸಿದ. ನನ್ನ ಎದೆ ಧಸಕ್ಕೆಂದಿತು. ಹತ್ತಿರ ಕರೆದು, “ಏನಪ್ಪಾ, ಪುನಃ ಬಿಲ್ಲು ಬರೆಯಲಿಕ್ಕುಂಟೋ?” ಎಂದೆ. “ಇಲ್ಲ ಸರ್, ರಾತ್ರಿ ಆಟಕ್ಕೆ ಹೋಗಿದ್ದೆ” ಎಂದ. ನಾನು ಮತ್ತೇನನ್ನೂ ಹೇಳಲಿಲ್ಲ. ಆ ಬಯಲಾಟದಲ್ಲಿ ಮಂಗಳ ಹಾಡುವವರೆಗೆ ನಾನೂ ಕುಳಿತಿದ್ದೆ. ಅವನು ನನ್ನನ್ನು ನೋಡಿದ್ದನೆಂದು ಅವನ ನಗುವಿನಿಂದಲೇ ತಿಳಿಯಿತು.